ಕಾಲರ್ ಗುಂಡಿ ಕೊಟ್ಟವನ ಗೆಳೆತನ

ಇಂಗ್ಲಿಷಿನವನ ಜೊತೆ ಗೆಳೆತನ ಸಾಧ್ಯವಾ? ಇ. ಎಂ. ಫಾರ್ಸ್ಟರ್‌ನ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯಲ್ಲಿ ಈ ಪ್ರಶ್ನೆ ಎರಡನೇ ಅಧ್ಯಾಯಕ್ಕೇ ಬಂದುಬಿಡುತ್ತದೆ. ಕತೆ ಇನ್ನೂ ಸರಿಯಾಗಿ ಶುರುವಾಗಿಲ್ಲ. ಚಂದ್ರಾಪುರದ ಹಮೀದುಲ್ಲಾನ ಮನೆಯಲ್ಲಿ ಊಟಕ್ಕೆ ಮುಂಚೆ ಹುಕ್ಕಾ ಸೇದುತ್ತಾ ಮೂವರು ಗೆಳೆಯರು ಕೂತಿದ್ದಾರೆ. ವಕೀಲ ಮಹಮೂದ್ ಅಲಿ ಸಾಧ್ಯವೇ ಇಲ್ಲ ಅನ್ನುತ್ತಾನೆ. ಕೇಂಬ್ರಿಜ್‌ನಲ್ಲಿ ಓದಿ ಬಂದ ಹಮೀದುಲ್ಲಾ, ಅವರ ದೇಶದಲ್ಲಾದರೆ ಸಾಧ್ಯ, ಇಲ್ಲಿ ಆಗಲ್ಲ ಅನ್ನುತ್ತಾನೆ. ಬರುವಾಗ ಎಲ್ಲರೂ ಸಭ್ಯರಾಗೇ ಇರಬೇಕು ಅಂತಲೇ ಬರುತ್ತಾರಂತೆ. ಇಲ್ಲಿರುವ ಅವರ ಜನವೇ 'ಹಾಗೆಲ್ಲ ಇರಬಾರದು' ಅಂತ ತಿದ್ದುತ್ತಾರಂತೆ. ಗಂಡಸಾದರೆ ಎರಡು ವರ್ಷ, ಹೆಂಗಸಾದರೆ ಆರು ತಿಂಗಳು, ಆಮೇಲೆ ಎಲ್ಲರೂ ಒಂದೇ ಅಚ್ಚು. ಮುಂದಿನ ಸರದಿ ಫೀಲ್ಡಿಂಗನದು ಅಂತ ಮಾತಿನ ನಡುವೆ ಒಂದು ಹೆಸರೂ ತೇಲಿ ಹೋಗುತ್ತದೆ. ಆ ಫೀಲ್ಡಿಂಗ್ ಯಾರು ಅಂತ ಓದುಗರಿಗೆ ಆಗ ಗೊತ್ತೇ ಇರುವುದಿಲ್ಲ.

ಇಷ್ಟು ಮಾತಾಡಿ ಊಟಕ್ಕೆ ಕೂತರೋ ಇಲ್ಲವೋ, ಆ ಮೂವರಲ್ಲೊಬ್ಬನಾದ ಡಾಕ್ಟರ್ ಅಜೀಜ್‌ಗೆ ಚೀಟಿ ಬರುತ್ತದೆ. ಅವನ ಮೇಲಧಿಕಾರಿ, ಸಿವಿಲ್ ಸರ್ಜನ್ ಮೇಜರ್ ಕ್ಯಾಲೆಂಡರ್ ಕೂಡಲೇ ಬಾ ಅಂದಿದ್ದಾನೆ. ಅಜೀಜ್ ಸೈಕಲ್ ಹತ್ತಿ ಹೊರಡುತ್ತಾನೆ. ದಾರಿಯಲ್ಲಿ ಚಕ್ರದ ಗಾಳಿ ಹೋಗುತ್ತದೆ. ಟಾಂಗಾ ಹಿಡಿದು ಹೋದರೆ ಸಾಹೇಬ ಮನೆಯಲ್ಲೇ ಇಲ್ಲ. ಎಲ್ಲಿಗೆ ಹೋದ, ಯಾಕೆ ಕರೆದ, ಒಂದು ಮಾತೂ ಹೇಳಿಟ್ಟು ಹೋಗಿಲ್ಲ. ಅಷ್ಟರಲ್ಲಿ ಒಳಗಿಂದ ಬಂದ ಇಬ್ಬರು ಬಿಳಿ ಹೆಂಗಸರು ಅವನ ಟಾಂಗಾ ಹತ್ತಿ ಕೂತುಬಿಡುತ್ತಾರೆ. ನಿಮ್ಮದಾ ಅಂತ ಕೇಳುವುದಿಲ್ಲ. ಅವನು 'ದುಡ್ಡು ನಾಳೆ ಕೊಡ್ತೀನಿ, ಹೋಗು' ಅಂತ ಟಾಂಗಾದವನಿಗೆ ಹೇಳಿ, ಆ ಹೆಂಗಸರಿಗೂ ಒಂದು ಮರ್ಯಾದೆಯ ಮಾತು ಆಡುತ್ತಾನೆ. ಅವರಿಂದ ಉತ್ತರವಿಲ್ಲ.

ಇದನ್ನು ನಾನು ಮೊದಲು ಓದಿದ್ದು ಡಿಗ್ರಿಯಲ್ಲಿ, ಗೈಡ್ ಪಕ್ಕಕ್ಕಿಟ್ಟುಕೊಂಡು. ಗೈಡ್‌ನಲ್ಲಿ ಗುಹೆಯ ಸಂಕೇತಾರ್ಥ, ಪೂರ್ವ ಪಶ್ಚಿಮಗಳ ಸಂಘರ್ಷ, ಪ್ರತಿಧ್ವನಿಯ ತತ್ವ ಎಲ್ಲಾ ಇತ್ತು. ಟಾಂಗಾದ ಸುದ್ದಿ ಇರಲಿಲ್ಲ. ಈಗ ಅನ್ನಿಸುವುದೇನೆಂದರೆ, ಆಳುವವನು ಮತ್ತು ಆಳಿಸಿಕೊಂಡವನ ನಡುವಿನ ಗೆಳೆತನದ ಬಗ್ಗೆ ಕಾದಂಬರಿಗಳು ಹೇಳುವ ನಿಜ ಇರುವುದೇ ಈ ಟಾಂಗಾ, ಗುಂಡಿ, ಫೋಟೋಗಳಂಥ ಚಿಲ್ಲರೆ ವಸ್ತುಗಳಲ್ಲಿ.

ಫಾರ್ಸ್ಟರ್‌ಗೆ ಇದು ಬರೀ ಕಲ್ಪನೆಯ ವಿಷಯವಾಗಿರಲಿಲ್ಲ. ಅಲಿಗಢದ ಕಾಲೇಜು ಕಟ್ಟಿದ ಸರ್ ಸಯ್ಯದ್ ಅಹ್ಮದ್ ಖಾನ್ ಅವರ ಮೊಮ್ಮಗ ಸಯ್ಯದ್ ರಾಸ್ ಮಸೂದ್ ಇಂಗ್ಲೆಂಡಿಗೆ ಓದಲು ಹೋದಾಗ, 1906ರಲ್ಲಿ, ಅವನಿಗೆ ಲ್ಯಾಟಿನ್ ಹೇಳಿಕೊಟ್ಟವನು ಫಾರ್ಸ್ಟರ್. ಮೇಷ್ಟ್ರಾಗಿ ಹೋದವನು ಅವನನ್ನು ಪ್ರೀತಿಸತೊಡಗಿದ. ಮಸೂದ್‌ಗೆ ಇದ್ದದ್ದು ಗೆಳೆತನ ಮಾತ್ರ. ಅವನ ಸೆಳೆತದಿಂದಲೇ ಫಾರ್ಸ್ಟರ್ 1912ರಲ್ಲಿ ಇಂಡಿಯಾಕ್ಕೆ ಬಂದ, ವಾಪಸ್ ಹೋಗಿ ಕಾದಂಬರಿ ಶುರು ಮಾಡಿದ, ನಡುವೆ ಕೈಬಿಟ್ಟ. 1921ರಲ್ಲಿ ಇನ್ನೊಮ್ಮೆ ಬಂದು ಹೋದ ಮೇಲೆ ಅದು ಮುಗಿದು, 1924ರಲ್ಲಿ ಅಚ್ಚಾಯಿತು. ಅರ್ಪಣೆ ಮಸೂದ್‌ಗೆ, ಮತ್ತು ತಮ್ಮಿಬ್ಬರ ಹದಿನೇಳು ವರ್ಷಗಳ ಗೆಳೆತನಕ್ಕೆ. ಮೊದಲ ಪುಟದಲ್ಲಿ ಹೀಗೆ ಬರೆದವನು, ಕೊನೆಯ ಪುಟದಲ್ಲಿ ಗೆಳೆತನ ಆಗಲ್ಲ ಅಂತ ಮುಗಿಸಿದ್ದಾನೆ. ಇದು ಎಷ್ಟು ಸಲ ಓದಿದರೂ ನನ್ನನ್ನು ಬಿಡದ ವಿಚಿತ್ರ.

ಈಗ ಗುಂಡಿಯ ವಿಷಯ. ಫೀಲ್ಡಿಂಗ್ ಸರ್ಕಾರಿ ಕಾಲೇಜಿನ ಪ್ರಿನ್ಸಿಪಾಲ್. ನಲವತ್ತು ದಾಟಿದ ಮೇಲೆ ಇಂಡಿಯಾಕ್ಕೆ ಬಂದವನು, ಹಾಗಾಗಿ ಆ ಅಚ್ಚಿಗೆ ಸುಲಭವಾಗಿ ಬೀಳುವವನಲ್ಲ. ಅಜೀಜ್‌ನನ್ನು ಚಹಾಕ್ಕೆ ಕರೆದಿದ್ದಾನೆ. ಅಜೀಜ್ ಬೇಗನೇ ಬಂದುಬಿಡುತ್ತಾನೆ. ಫೀಲ್ಡಿಂಗ್ ಸ್ನಾನ ಮುಗಿಸಿ ಒಳಕೋಣೆಯಲ್ಲಿ ಬಟ್ಟೆ ಹಾಕಿಕೊಳ್ಳುತ್ತಿದ್ದಾನೆ, ಇವನು ಹೊರಗೆ. ಬಾಗಿಲ ಆಚೆಗೊಬ್ಬ ಈಚೆಗೊಬ್ಬ, ಒಬ್ಬರ ಮುಖ ಒಬ್ಬರು ನೋಡದೆ ಮಾತು ಶುರುವಾಗುತ್ತದೆ. ಆಗ ಫೀಲ್ಡಿಂಗನ ಕಾಲರಿನ ಹಿಂದಿನ ಗುಂಡಿ ಮುರಿಯುತ್ತದೆ. ಆ ಕಾಲದಲ್ಲಿ ಕಾಲರ್ ಅಂಗಿಗೆ ಹೊಲಿದಿರುತ್ತಿರಲಿಲ್ಲ. ಬೇರೆಯಾಗಿ ಇಟ್ಟು, ಹಿಂದೊಂದು ಮುಂದೊಂದು ಗುಂಡಿ ಸಿಕ್ಕಿಸಬೇಕಿತ್ತು. ಅಜೀಜ್ 'ನನ್ನ ಹತ್ತಿರ ಇನ್ನೊಂದು ಇದೆ' ಅನ್ನುತ್ತಾನೆ. ಶುದ್ಧ ಸುಳ್ಳು. ತಿರುಗಿ ನಿಂತು ತನ್ನದೇ ಕಾಲರ್ ಕಿತ್ತು, ತನ್ನದೇ ಚಿನ್ನದ ಗುಂಡಿ ತೆಗೆದು ಕೊಡುತ್ತಾನೆ. ಭಾವ ಯುರೋಪಿನಿಂದ ತಂದುಕೊಟ್ಟ ಸೆಟ್ಟಿನದು ಅದು. ಕೊಟ್ಟು ಸುಮ್ಮನಾಗದೆ, ತಾನೇ ಫೀಲ್ಡಿಂಗನ ಕುತ್ತಿಗೆಯ ಹಿಂದೆ ನಿಂತು ಅದನ್ನು ಸಿಕ್ಕಿಸಲು ಒದ್ದಾಡುತ್ತಾನೆ.

ಆಮೇಲೆ ಇಡೀ ಮಧ್ಯಾಹ್ನ ಅಜೀಜ್‌ನ ಕಾಲರ್ ಹಿಂದಿನಿಂದ ಮೇಲಕ್ಕೆ ಎದ್ದು ನಿಂತಿರುತ್ತದೆ. ಸಿಟಿ ಮ್ಯಾಜಿಸ್ಟ್ರೇಟ್ ರಾನಿ ಹೀಸ್ಲಾಪ್ ಅದನ್ನು ನೋಡುತ್ತಾನೆ. ನೋಡಿ, ತನ್ನನ್ನು ಮದುವೆಯಾಗಲು ಬಂದಿರುವ ಅಡೆಲಾ ಕ್ವೆಸ್ಟೆಡ್‌ಗೆ ವಿವರಿಸುತ್ತಾನೆ: ನೋಡು, ತಲೆಯಿಂದ ಕಾಲಿನವರೆಗೆ ಎಷ್ಟು ಚೆನ್ನಾಗಿ ಡ್ರೆಸ್ ಮಾಡಿಕೊಂಡಿದ್ದಾನೆ, ಆದರೆ ಹಿಂದಿನ ಗುಂಡಿ ಮರೆತಿದ್ದಾನೆ, ಇಂಡಿಯನ್ನರೇ ಹೀಗೆ, ಯಾವುದರಲ್ಲೂ ಗಮನ ಇಲ್ಲ.

ಫಾರ್ಸ್ಟರ್ ಇಲ್ಲಿ ಒಂದು ಸಾಲಿನ ಟೀಕೆಯನ್ನೂ ಸೇರಿಸುವುದಿಲ್ಲ. ಗುಂಡಿ ಎಲ್ಲಿದೆ ಅಂತ ನಮಗೆ ಗೊತ್ತು, ಅಷ್ಟೇ. ಅದು ರಾನಿಯದೇ ಜಾತಿಯವನ ಕುತ್ತಿಗೆಯಲ್ಲಿದೆ. ಕೊಟ್ಟವನು ಶಿಸ್ತಿಲ್ಲದವನಾದ, ಇಸಿದುಕೊಂಡವನು ಅಚ್ಚುಕಟ್ಟಾದ. ಸಾಮ್ರಾಜ್ಯ ಹೇಗೆ ನಡೆಯುತ್ತಿತ್ತು ಅಂತ ಹೇಳುವ ದಪ್ಪ ದಪ್ಪ ಪುಸ್ತಕಗಳಿವೆ. ಈ ಗುಂಡಿಯಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಅಜೀಜ್ ಹೀಗೆ ಕೊಡುತ್ತಲೇ ಇರುತ್ತಾನೆ. ಜ್ವರ ಬಂದು ಮಲಗಿದ್ದಾಗ ಫೀಲ್ಡಿಂಗ್ ನೋಡಲು ಬರುತ್ತಾನೆ. ಕೊಳಕು ಕೋಣೆ, ನೊಣ, ಸುತ್ತ ಗೆಳೆಯರ ಗದ್ದಲ. ಅಜೀಜ್‌ಗೆ ನಾಚಿಕೆ. ಎಲ್ಲರೂ ಹೋದ ಮೇಲೆ ಫೀಲ್ಡಿಂಗನನ್ನು ವಾಪಸ್ ಕರೆದು, ಬೀಗ ಹಾಕಿಟ್ಟಿದ್ದ ತನ್ನ ಹೆಂಡತಿಯ ಫೋಟೋ ತೋರಿಸುತ್ತಾನೆ. ಅವಳು ತೀರಿಕೊಂಡಿದ್ದಾಳೆ, ಬದುಕಿದ್ದಾಗ ಪರದೆಯೊಳಗೆ ಇದ್ದವಳು. ನೀನು ನನ್ನ ಒಡಹುಟ್ಟಿದವನ ಹಾಗೆ, ಅವಳಿದ್ದಿದ್ದರೆ ಅವಳನ್ನೇ ತೋರಿಸುತ್ತಿದ್ದೆ ಅಂತ ಅರ್ಥ. ಫೀಲ್ಡಿಂಗನ ಕಣ್ಣಲ್ಲಿ ಅದು ದೊಡ್ಡ ಗೌರವ, ಅದು ಅವನಿಗೆ ಗೊತ್ತು. ಆದರೆ ತಿರುಗಿ ಕೊಡಲು ಅವನ ಹತ್ತಿರ ಏನೂ ಇಲ್ಲ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಗುಟ್ಟೂ ಇಲ್ಲ. ಅವನು ಹಗುರವಾಗಿ ಓಡಾಡುವ ಮನುಷ್ಯ, ಅದೇ ಅವನ ಹೆಮ್ಮೆ. ನನಗೆ ಇಲ್ಲಿ ಸ್ವಲ್ಪ ಸಿಟ್ಟು ಬರುತ್ತದೆ. ಹಗುರವಾಗಿ ಓಡಾಡುವುದು ಯಾರಿಗೆ ಸಾಧ್ಯ? ಮೂರು ಮಕ್ಕಳ ತಂದೆ, ಕ್ಯಾಲೆಂಡರ್ ಕೈಕೆಳಗೆ ಸಂಬಳಕ್ಕಿರುವ ಅಜೀಜ್‌ಗೆ ಆ ಅನುಕೂಲ ಎಲ್ಲಿಂದ ಬರಬೇಕು?

ಅದೇ ಫೋಟೋ ಮತ್ತೊಮ್ಮೆ ಬರುತ್ತದೆ, ಪೊಲೀಸ್ ಸೂಪರಿಂಟೆಂಡೆಂಟ್ ಮೆಕ್‌ಬ್ರೈಡ್‌ನ ಕಚೇರಿಯಲ್ಲಿ. ಮರಾಬಾರ್ ಗುಹೆಯಲ್ಲಿ ಅಡೆಲಾಳ ಮೇಲೆ ಕೈಮಾಡಿದ ಅಂತ ಅಜೀಜ್‌ನನ್ನು ಹಿಡಿದು ಒಳಗೆ ಹಾಕಿದ್ದಾರೆ, ಮನೆ ಶೋಧಿಸಿ ಸಿಕ್ಕಿದ್ದನ್ನೆಲ್ಲ ತಂದಿದ್ದಾರೆ. ಅದು ಅವನ ಹೆಂಡತಿ ಅಂತ ಫೀಲ್ಡಿಂಗ್ ಹೇಳಿದರೆ ಮೆಕ್‌ಬ್ರೈಡ್ ನಂಬುವುದಿಲ್ಲ. ಹೆಂಡತಿಯಂತೆ, ಇಂಥ ಹೆಂಡತಿಯರು ನನಗೆ ಗೊತ್ತಿಲ್ಲವಾ ಅಂತ ಮನಸ್ಸಿನಲ್ಲೇ ಅಂದುಕೊಳ್ಳುತ್ತಾನೆ. ಗೆಳೆಯನೊಬ್ಬನಿಗೆ ಮಾತ್ರ ತೋರಿಸಿದ ಮುಖವನ್ನು ಸರ್ಕಾರ ಸಾಕ್ಷ್ಯ ಅಂತ ಮೇಜಿನ ಮೇಲೆ ಹರಡಿಕೊಂಡಿದೆ.

ಫೀಲ್ಡಿಂಗ್ ಈ ಹೊತ್ತಿನಲ್ಲಿ ಹೆದರುವುದಿಲ್ಲ. ಅದನ್ನು ಒಪ್ಪಿಕೊಳ್ಳಲೇಬೇಕು. ಇಡೀ ಬಿಳಿಯರ ಕ್ಲಬ್ಬು ಒಂದು ಕಡೆ ನಿಂತಾಗ, ಅಜೀಜ್ ತಪ್ಪು ಮಾಡಿಲ್ಲ ಅಂತ ಅವನೊಬ್ಬನೇ ಎದ್ದು ಹೇಳುತ್ತಾನೆ, ಕ್ಲಬ್ಬಿಗೆ ಅಲ್ಲೇ ರಾಜೀನಾಮೆ ಕೊಡುತ್ತಾನೆ. ಆ ಕ್ಲಬ್ಬಿನ ಬಿಸಿ ಎಂಥದ್ದು ಅಂತ ತಿಳಿಯಲು ಇತಿಹಾಸ ಸ್ವಲ್ಪ ನೆನಪಿರಬೇಕು. ಫಾರ್ಸ್ಟರ್ ಕಾದಂಬರಿ ಕೈಬಿಟ್ಟು ಮತ್ತೆ ಹಿಡಿಯುವ ನಡುವೆ 1919ರ ಜಲಿಯನ್‌ವಾಲಾ ಬಾಗ್ ನಡೆದುಹೋಗಿತ್ತು. ಅದರ ಬೆನ್ನಲ್ಲೇ, ಅಮೃತಸರದ ಒಂದು ಗಲ್ಲಿಯಲ್ಲಿ ಬಿಳಿ ಮಿಷನರಿ ಹೆಂಗಸಿನ ಮೇಲೆ ಹಲ್ಲೆಯಾಗಿತ್ತು ಅಂತ, ಆ ಗಲ್ಲಿಯಲ್ಲಿ ಹೋಗುವ ಇಂಡಿಯನ್ನರು ತೆವಳಿಕೊಂಡೇ ಹೋಗಬೇಕು ಅಂತ ಜನರಲ್ ಡಯರ್ ಹುಕುಂ ಹೊರಡಿಸಿದ್ದ. ಕಾದಂಬರಿಯಲ್ಲಿ ಕಲೆಕ್ಟರ್ ಟರ್ಟನ್‌ನ ಹೆಂಡತಿ ಕೂಗುವುದೂ ಅದನ್ನೇ: ಇಂಗ್ಲಿಷ್ ಹೆಂಗಸು ಕಣ್ಣಿಗೆ ಬಿದ್ದರೆ ಇವರು ಇಲ್ಲಿಂದ ಗುಹೆಯವರೆಗೂ ಅಂಬೆಗಾಲಲ್ಲಿ ತೆವಳಬೇಕು. ಓದುಗರಿಗೆ ಅದು ಬಾಯಿಗೆ ಬಂದ ಮಾತಲ್ಲ, ಐದು ವರ್ಷದ ಹಿಂದಿನ ಪತ್ರಿಕೆಯ ಸುದ್ದಿ.

ಹಾಗಾದರೆ ಗೆಳೆತನ ಕೆಟ್ಟಿದ್ದೆಲ್ಲಿ? ಕೋರ್ಟಿನಲ್ಲಿ ಅಲ್ಲ, ಕೋರ್ಟು ಮುಗಿದ ಮೇಲೆ. ಸಾಕ್ಷಿ ಕಟ್ಟೆಯಲ್ಲಿ ನಿಂತ ಅಡೆಲಾ ಇದ್ದಕ್ಕಿದ್ದಂತೆ ತನ್ನಿಂದ ತಪ್ಪಾಗಿದೆ, ದೂರು ವಾಪಸ್ ತಗೊಳ್ಳುತ್ತೇನೆ ಅನ್ನುತ್ತಾಳೆ. ಕೇಸು ಬಿದ್ದುಹೋಗುತ್ತದೆ. ಹೊರಗೆ ಜನಜಂಗುಳಿ, ಗಲಾಟೆ. ಬಿಳಿಯರು ಅಡೆಲಾಳ ಕೈಬಿಟ್ಟಿದ್ದಾರೆ. ಫೀಲ್ಡಿಂಗ್ ಅವಳನ್ನು ಕಾಪಾಡಲು ಓಡುತ್ತಾನೆ. ಹಿಂದಿನಿಂದ ಅಜೀಜ್ ಫೀಲ್ಡಿಂಗನನ್ನು ಹೆಸರು ಹಿಡಿದು ಕೂಗುತ್ತಿದ್ದಾನೆ, ಸಿರಿಲ್, ನನ್ನ ಬಿಟ್ಟು ಹೋಗಬೇಡ ಅಂತ. ಇದರಲ್ಲಿ ಫೀಲ್ಡಿಂಗನ ತಪ್ಪೇನಿದೆ? ಏನೂ ಇಲ್ಲ. ಆದರೆ ಜೈಲಿನಿಂದ ಆಗತಾನೆ ಹೊರಬಂದವನ ಕಣ್ಣಲ್ಲಿ ನಿಂತು ನೋಡಿ.

ಆಮೇಲೆ ಪರಿಹಾರದ ಮಾತು. ಅಡೆಲಾ ಕಡೆಯಿಂದ ಇಪ್ಪತ್ತು ಸಾವಿರ ರೂಪಾಯಿ ಕೇಳುವುದು ಅಂತ ಅಜೀಜ್‌ನ ಗೆಳೆಯರ ಲೆಕ್ಕ. ಫೀಲ್ಡಿಂಗ್ ಬೇಡ ಅನ್ನುತ್ತಾನೆ. ಪಾಪ, ಅವಳು ಎಲ್ಲರೆದುರು ಸತ್ಯ ಹೇಳಿ ಎಲ್ಲಾ ಕಳಕೊಂಡಿದ್ದಾಳೆ, ದುಡ್ಡೂ ಹೋದರೆ ಮುಳುಗಿಹೋಗುತ್ತಾಳೆ, ನೀನು ಮನಸ್ಸು ದೊಡ್ಡದು ಮಾಡು. ಒಂದು ದಿನವಲ್ಲ, ಮತ್ತೆ ಮತ್ತೆ ಇದೇ ಒತ್ತಾಯ. ಅಜೀಜ್‌ಗೆ ಇದರ ಕೊನೆ ಚೆನ್ನಾಗಿ ಗೊತ್ತು. ಬಿಟ್ಟುಕೊಟ್ಟರೆ ಕ್ಲಬ್ಬಿನವರು ಏನನ್ನುತ್ತಾರೆ ಅಂತ ಮೊದಲೇ ಹೇಳುತ್ತಾನೆ: ನೇಟಿವ್ ಆದರೂ ಜಂಟಲ್‌ಮನ್ ಥರ ನಡಕೊಂಡ, ಮುಖ ಒಂದು ಕಪ್ಪಿಲ್ಲದಿದ್ದರೆ ಕ್ಲಬ್ಬಿಗೂ ಸೇರಿಸಿಕೊಳ್ಳಬಹುದಿತ್ತು ಅಂತ. ಕೊನೆಗೆ ಬಿಟ್ಟುಕೊಡುತ್ತಾನೆ, ಮಸೀದಿಯಲ್ಲಿ ಸಿಕ್ಕಿ ಅವನ ಮನಸ್ಸು ಗೆದ್ದಿದ್ದ ಮುದುಕಿ ಮಿಸೆಸ್ ಮೂರ್ ಹೆಸರಿನಲ್ಲಿ. ಖರ್ಚಿನ ದುಡ್ಡು ಮಾತ್ರ ತಗೊಳ್ಳುತ್ತಾನೆ.

ಇಲ್ಲಿ ನನಗೆ ಫಾರ್ಸ್ಟರ್ ಬೇಕೆಂದೇ ಎಳೆದ ಒಂದು ಗೆರೆ ಕಾಣುತ್ತದೆ. ಗುಂಡಿ ಕೊಟ್ಟವನೂ ಇವನೇ, ಫೋಟೋ ತೋರಿಸಿದವನೂ ಇವನೇ, ಈಗ ಮಾನನಷ್ಟದ ಪರಿಹಾರ ಬಿಡಬೇಕಾದವನೂ ಇವನೇ. ಮನಸ್ಸು ದೊಡ್ಡದು ಮಾಡು ಅಂತ ಯಾವಾಗಲೂ ಸೋತ ಕಡೆಯವನಿಗೇ ಹೇಳುವುದು, ಅಲ್ವಾ? ಮನೆಯೊಳಗಿನ ಜಗಳದಲ್ಲೂ ಹಾಗೇ. ಫೀಲ್ಡಿಂಗ್ ಕೆಟ್ಟವನಾಗಿ ಇದನ್ನು ಕೇಳುತ್ತಿಲ್ಲ. ನ್ಯಾಯ ಅನ್ನಿಸಿ ಕೇಳುತ್ತಿದ್ದಾನೆ. ಅಡೆಲಾಳ ನಷ್ಟ ಅವನಿಗೆ ಎದ್ದು ಕಾಣುತ್ತದೆ, ಅಜೀಜ್‌ನದು ಗೆಳೆಯನ ನಷ್ಟ, ಗೆಳೆಯ ಹೇಗೋ ತಡಕೊಳ್ಳುತ್ತಾನೆ ಅಂತ ಅವನ ನಂಬಿಕೆ. ಇದಾದ ಮೇಲೆ ಫೀಲ್ಡಿಂಗ್ ಇಂಗ್ಲೆಂಡಿಗೆ ಹೋಗುತ್ತಾನೆ, ಮದುವೆಯಾದ ಸುದ್ದಿ ಬರುತ್ತದೆ. ಫೀಲ್ಡಿಂಗ್ ಅಡೆಲಾಳನ್ನೇ ಕಟ್ಟಿಕೊಂಡ ಅಂತ ಅಜೀಜ್ ಅಂದುಕೊಳ್ಳುತ್ತಾನೆ. ಓಹೋ, ನನ್ನ ಇಪ್ಪತ್ತು ಸಾವಿರ ಉಳಿಸಿದ್ದು ಇದಕ್ಕೇ! ಅವನು ಮದುವೆಯಾಗಿದ್ದು ಮಿಸೆಸ್ ಮೂರ್ ಮಗಳು ಸ್ಟೆಲ್ಲಾಳನ್ನು. ಅನುಮಾನ ತಪ್ಪು. ಆದರೆ ಆ ಅನುಮಾನ ಹುಟ್ಟಿದ ಜಾಗ ತಪ್ಪಲ್ಲ.

ಇದರ ಪಕ್ಕದಲ್ಲಿ ಜಾರ್ಜ್ ಆರ್ವೆಲ್‌ನ 'ಬರ್ಮೀಸ್ ಡೇಸ್' ಇಟ್ಟು ಓದಬೇಕು. ಆರ್ವೆಲ್ 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವನು. 1934ರಲ್ಲಿ ಬಂದ ಈ ಕಾದಂಬರಿಯಲ್ಲಿ ಮರದ ವ್ಯಾಪಾರಿ ಫ್ಲೋರಿ ಮತ್ತು ಡಾಕ್ಟರ್ ವೀರಸ್ವಾಮಿ ಗೆಳೆಯರು. ವೀರಸ್ವಾಮಿ ನಮ್ಮ ದಕ್ಷಿಣದ ಕಡೆಯಿಂದ ಹೋದವನು. ಚೌಕ್ತಡಾ ಅನ್ನುವ ಊರಿನ ಸಿವಿಲ್ ಸರ್ಜನ್, ಅಲ್ಲಿಯ ಜೈಲಿನ ಸೂಪರಿಂಟೆಂಡೆಂಟ್ ಕೂಡ. ಅವನ ಮನೆಯ ಜಗಲಿಯಲ್ಲಿ ಬಿಯರ್ ಕುಡಿಯುತ್ತಾ ಇಬ್ಬರೂ ಹರಟುತ್ತಾರೆ. ಅವರದೊಂದು ಹಳೇ ತಮಾಷೆ ಇದೆ. ಮುದುಕಿ ಹೇಗಿದ್ದಾಳೆ ಅಂತ ಒಬ್ಬ ಕೇಳುವುದು, ದಿನೇ ದಿನೇ ಇಳೀತಾ ಇದ್ದಾಳೆ ಅಂತ ಇನ್ನೊಬ್ಬ ಹೇಳುವುದು. ಮುದುಕಿ ಅಂದರೆ ಬ್ರಿಟಿಷ್ ಸಾಮ್ರಾಜ್ಯ, ಡಾಕ್ಟರ ರೋಗಿ.

ತಮಾಷೆಗಿಂತ ಅದರ ನಂತರದ ವಾದ ಮಜವಾಗಿದೆ. ನಾವು ಇಲ್ಲಿರುವುದು ಕದಿಯಲಿಕ್ಕೆ, ಉದ್ಧಾರದ ಮಾತೆಲ್ಲ ಸುಳ್ಳು ಅಂತ ಬೈಯುವವನು ಬಿಳಿಯ ಫ್ಲೋರಿ. ಛೆ ಛೆ, ಹಾಗನ್ನಬೇಡಿ, ನೀವು ರೈಲು ತಂದಿರಿ, ಕಾನೂನು ತಂದಿರಿ, ನೀವಿಲ್ಲದಿದ್ದರೆ ನಾವೆಲ್ಲಿರುತ್ತಿದ್ದೆವು ಅಂತ ಸಾಮ್ರಾಜ್ಯದ ಪರವಾಗಿ ನಿಲ್ಲುವವನು ವೀರಸ್ವಾಮಿ. ಓದುವಾಗ ನಗು ಬರುತ್ತದೆ, ಆಮೇಲೆ ಯಾಕೋ ಸಂಕಟವಾಗುತ್ತದೆ. ಸಾಮ್ರಾಜ್ಯವನ್ನು ಬೈಯುವ ಧೈರ್ಯವೂ ಬಿಳಿಯನಿಗೇ ಸಿಕ್ಕಿರುವ ಸವಲತ್ತು. ವೀರಸ್ವಾಮಿ ಅದೇ ಮಾತು ಆಡಿದರೆ ಕೆಲಸ ಉಳಿಯುತ್ತಾ?

ಊರಿನ ಬಿಳಿಯರ ಕ್ಲಬ್ಬಿಗೆ ಒಬ್ಬ ನೇಟಿವ್ ಸದಸ್ಯನನ್ನು ಸೇರಿಸಿಕೊಳ್ಳುವ ಮಾತು ಬರುತ್ತದೆ. ವೀರಸ್ವಾಮಿಗೆ ಅದು ಬೇಕು. ಒಳಗೆ ಹೋಗಿ ಕೂರುವ ಆಸೆಯೇನಿಲ್ಲ, ವಂತಿಗೆ ಕಟ್ಟಿ ಹೆಸರು ಪಟ್ಟಿಯಲ್ಲಿದ್ದರೆ ಸಾಕು. ಅವನನ್ನು ಮುಗಿಸಲು ಹೊಂಚು ಹಾಕಿರುವ ಮ್ಯಾಜಿಸ್ಟ್ರೇಟ್ ಊ ಪೋ ಚಿನ್‌ನಿಂದ ಆ ಹೆಸರೇ ಕಾಪಾಡುತ್ತದೆ. ಆದರೆ ಎಲ್ಲಿಸ್ ಅನ್ನುವ ಕಡು ದ್ವೇಷಿ, ನೇಟಿವ್‌ಗಳನ್ನು ಸೇರಿಸುವುದು ಬೇಡ ಅಂತ ಒಂದು ನೋಟೀಸು ಬರೆದು ಅಂಟಿಸುತ್ತಾನೆ. ಫ್ಲೋರಿ ಅದಕ್ಕೆ ಸಹಿ ಹಾಕಿಬಿಡುತ್ತಾನೆ. ಯಾಕೆ? ಜಗಳ ಬೇಡ ಅಂತ. ಅಷ್ಟೇ. ಬೆಳಿಗ್ಗೆ ಜಗಲಿಯಲ್ಲಿ ಸಾಮ್ರಾಜ್ಯವನ್ನು ಉಗಿದು ಉಪ್ಪು ಹಾಕಿದವನಿಗೆ, ಸಂಜೆ ನಾಲ್ಕು ಜನ ಕುಡುಕರ ಎದುರು ಒಂದು 'ಇಲ್ಲ' ಹೇಳಲು ಬಾಯಿ ಬರುವುದಿಲ್ಲ.

ವೀರಸ್ವಾಮಿ ಕೋಪ ಮಾಡಿಕೊಳ್ಳುವುದಿಲ್ಲ. ಕ್ಷಮೆ ಕೇಳಲು ಬಂದ ಗೆಳೆಯನಿಗೆ ಅವನೇ ಸಮಾಧಾನ ಹೇಳುತ್ತಾನೆ. ಕೊನೆಯಲ್ಲಿ ಫ್ಲೋರಿ ಗುಂಡು ಹೊಡೆದುಕೊಂಡು ಸತ್ತಾಗ, ಅದು ಪಿಸ್ತೂಲು ಒರೆಸುವಾಗ ಆದ ಆಕಸ್ಮಿಕ ಅಂತ ಹೇಳಿ ಗೆಳೆಯನ ಮರ್ಯಾದೆ ಉಳಿಸಲು ನೋಡುವವನೂ ಅವನೇ. ಗೆಳೆಯ ಹೋದ ಮೇಲೆ ಅವನಿಗೆ ಯಾರ ಆಸರೆಯೂ ಇಲ್ಲ. ಹುದ್ದೆ ಇಳಿಸಿ ಮಾಂಡಲೆಗೆ ಎತ್ತಿಹಾಕುತ್ತಾರೆ. ಅಲ್ಲಿ ಅವನು ಒಂದು ಸಣ್ಣ ಕ್ಲಬ್ಬು ಸೇರುತ್ತಾನೆ. ಅದರಲ್ಲಿ ಒಬ್ಬನೇ ಒಬ್ಬ ಬಿಳಿ ಸದಸ್ಯ, ಕುಡಿತದಿಂದ ಕೆಲಸ ಕಳಕೊಂಡ ಗ್ಲಾಸ್ಗೋದ ಎಲೆಕ್ಟ್ರಿಷಿಯನ್. ಬಿಳಿಯನೊಬ್ಬ ದಡ್ಡನಾಗಿರಬಲ್ಲ ಅಂತ ನಂಬಲಾರದ ವೀರಸ್ವಾಮಿ ಅವನ ಜೊತೆ ಸುಸಂಸ್ಕೃತ ಮಾತುಕತೆ ನಡೆಸಲು ನೋಡುತ್ತಿರುತ್ತಾನೆ. ಆರ್ವೆಲ್ ಇಲ್ಲಿ ಎಷ್ಟು ಕ್ರೂರಿ ಅನ್ನಿಸುತ್ತದೆ. ಸುಳ್ಳು ಬರೆದ ಅಂತ ಮಾತ್ರ ಅನ್ನಿಸುವುದಿಲ್ಲ.

ಎರಡೂ ಕಡೆ ಇಂಡಿಯನ್ ಗೆಳೆಯ ಡಾಕ್ಟರೇ ಆಗಿರುವುದು ಸುಮ್ನೆ ಅಲ್ಲ ಅನ್ನಿಸುತ್ತದೆ. ಇಂಗ್ಲಿಷ್ ಬಲ್ಲವನು, ಪುಸ್ತಕ ಓದಿದವನು, ಸರ್ಕಾರಿ ಸಂಬಳದವನು. ಗೆಳೆತನದ ಬಾಗಿಲು ತೆರೆಯುವುದು ಅಂಥವರಿಗೆ ಮಾತ್ರ. ಫಾರ್ಸ್ಟರ್‌ಗೆ ಇದು ಗೊತ್ತಿತ್ತು. ಅಜೀಜ್‌ನ ವಿಚಾರಣೆ ನಡೆಯುವ ಕೋರ್ಟಿನಲ್ಲಿ ಪಂಖಾ ಎಳೆಯುವವನೊಬ್ಬ ಕೂತಿದ್ದಾನೆ. ಕೀಳು ಅನ್ನಿಸಿಕೊಂಡ ಜಾತಿಯವನು, ಮೈಮೇಲೆ ಬಟ್ಟೆಯಿಲ್ಲ, ಆ ಕೋಣೆಯಲ್ಲಿ ಎಲ್ಲರಿಗಿಂತ ಸುಂದರ. ಎಲ್ಲಾ ಮುಗಿದು ಕೋರ್ಟು ಖಾಲಿಯಾದರೂ ಅವನು ಹಗ್ಗ ಎಳೆಯುತ್ತಲೇ ಇರುತ್ತಾನೆ. ಅವನ ಜೊತೆ ಫೀಲ್ಡಿಂಗೂ ಮಾತಾಡುವುದಿಲ್ಲ, ಅಜೀಜ್ ಕೂಡ ಮಾತಾಡುವುದಿಲ್ಲ. ಇನ್ನೊಂದು ಪುಸ್ತಕಕ್ಕಾಗುವಷ್ಟು ವಿಷಯ ಅದು.

ಅಜೀಜ್ ಮತ್ತು ವೀರಸ್ವಾಮಿ ಇಬ್ಬರಿಗೂ ಒಂದು ವ್ಯತ್ಯಾಸ ಇದೆ, ನನ್ನ ಪ್ರಕಾರ ಎಲ್ಲಾ ಅದರಲ್ಲೇ ಇದೆ. ಅಜೀಜ್‌ಗೆ ಮುನಿಸಿಕೊಳ್ಳಲು ಆಗುತ್ತದೆ. ಫೀಲ್ಡಿಂಗನ ಕಾಗದಗಳನ್ನು ಅರ್ಧ ಓದಿ ಹರಿದು ಹಾಕುತ್ತಾನೆ, ಎದುರಿಗೆ ಬಂದರೆ ಸಿಡುಕುತ್ತಾನೆ. ವೀರಸ್ವಾಮಿಗೆ ಅದು ಆಗುವುದಿಲ್ಲ. ಫ್ಲೋರಿ ಬಿಟ್ಟರೆ ಅವನಿಗೆ ಗತಿಯಿಲ್ಲ, ಹಂಗಿನಲ್ಲಿರುವವನು ಎಲ್ಲಿ ಮುನಿಸಿಕೊಳ್ಳುತ್ತಾನೆ? ಅವನ ಕ್ಷಮೆ ದೊಡ್ಡತನವೋ, ಬೇರೆ ದಾರಿ ಇಲ್ಲದ್ದೋ, ಅವನಿಗೂ ಹೇಳಲು ಬರಲಿಕ್ಕಿಲ್ಲ. ಜಗಳವಾಡಲು ಆಗದ ಇಬ್ಬರ ನಡುವೆ ಇರುವುದನ್ನು ಗೆಳೆತನ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಆ ಲೆಕ್ಕದಲ್ಲಿ ಅಜೀಜ್ ಫೀಲ್ಡಿಂಗನ ಜೊತೆ ಮುರಿದುಕೊಂಡಾಗಲೇ ಅವನಿಗೆ ಸಮನಾಗಿ ನಿಂತದ್ದು.

ಅದು ಸಾಧ್ಯವಾಗಿದ್ದು ಎಲ್ಲಿ ಅಂತ ಗಮನಿಸಿ. ಕೇಸು ಮುಗಿದ ಮೇಲೆ ಅಜೀಜ್ ಬ್ರಿಟಿಷ್ ಇಂಡಿಯಾವನ್ನೇ ಬಿಟ್ಟು ಮಾವ್ ಅನ್ನುವ ಹಿಂದೂ ಸಂಸ್ಥಾನಕ್ಕೆ ಹೋಗಿ ರಾಜನ ಡಾಕ್ಟರಾಗುತ್ತಾನೆ. ಅಲ್ಲಿ ಫೀಲ್ಡಿಂಗ್ ಅತಿಥಿ. ಶಾಲೆಗಳ ತಪಾಸಣೆಗೆ ಬಂದು ಗೆಸ್ಟ್ ಹೌಸಿನಲ್ಲಿ ಇಳಿದುಕೊಂಡವನು. ಮಾವ್‌ನ ಗೋಕುಲಾಷ್ಟಮಿಯ ಗದ್ದಲವೆಲ್ಲ ಫಾರ್ಸ್ಟರ್ ಕಣ್ಣಾರೆ ಕಂಡದ್ದು. 1921ರಲ್ಲಿ ಅವನು ದೇವಾಸ್ ಹಿರಿಯ ಸಂಸ್ಥಾನದ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿದ್ದ. ಅಂದರೆ ಇಂಡಿಯನ್ ಒಬ್ಬನ ಕೈಕೆಳಗೆ ಸಂಬಳಕ್ಕೆ ಇದ್ದ. ಹಳೇ ಮೈಸೂರಿನ ಕಡೆಯವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಲ್ಲೇ ಪೇಟೆಯ ಕಡೆ ಮಹಾರಾಜರ ಆಡಳಿತ, ದಂಡಿನ ಕಡೆ ಬ್ರಿಟಿಷರದು ಅಂತ ಇತ್ತಲ್ಲ.

ಕನ್ನಡ ಕಾದಂಬರಿಗಳಲ್ಲಿ ಇಂಥ ಜೋಡಿ ಹುಡುಕಿದರೆ ನನಗೆ ಅಷ್ಟಾಗಿ ಸಿಗುವುದಿಲ್ಲ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ನೆನಪಾಗುತ್ತದೆ, ಆದರೆ ಅಲ್ಲಿ ಗೆಳೆತನ ಮನುಷ್ಯ ಮನುಷ್ಯರದಲ್ಲ, ಕೊಡಗಿನ ಅರಸುಮನೆಗೂ ಕಂಪನಿಗೂ ಇದ್ದದ್ದು. ಟಿಪ್ಪುವಿನ ವಿರುದ್ಧ ದೊಡ್ಡವೀರರಾಜೇಂದ್ರ 1790ರಲ್ಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. 1834ರಲ್ಲಿ ಅದೇ ಕಂಪನಿ ಚಿಕವೀರನನ್ನು ಇಳಿಸಿ ಕೊಡಗನ್ನೇ ನುಂಗಿತು. ರಾಜ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ, ಮಗಳು 1852ರಲ್ಲಿ ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾದಳು, ಅವನು ಲಂಡನ್ನಿನಲ್ಲೇ ತೀರಿಕೊಂಡ. ಮಾಸ್ತಿಯವರು ರಾಜನ ಕೆಡುಕನ್ನು ಮುಚ್ಚಿಡುವುದಿಲ್ಲ, ಕಂಪನಿಯ ನಯವನ್ನೂ ಮರೆಮಾಡುವುದಿಲ್ಲ.

ನಯವಾಗಿರುವವನ ಜೊತೆಗಿನ ಗೆಳೆತನ ಇನ್ನೂ ಅಪಾಯ ಅಂತ ತೋರಿಸಿದವನು ನೈಜೀರಿಯಾದ ಚಿನುವಾ ಅಚೆಬೆ. 1958ರ 'ಥಿಂಗ್ಸ್ ಫಾಲ್ ಅಪಾರ್ಟ್'ನಲ್ಲಿ ಮಿ. ಬ್ರೌನ್ ಅನ್ನುವ ಪಾದ್ರಿ ಹಳ್ಳಿಯ ಹಿರಿಯ ಅಕುನ್ನಾನ ಮನೆಗೆ ಹೋಗಿ ದುಭಾಷಿಯ ಮೂಲಕ ಗಂಟೆಗಟ್ಟಲೆ ದೇವರ ಬಗ್ಗೆ ಚರ್ಚಿಸುತ್ತಾನೆ. ಒಬ್ಬರನ್ನೊಬ್ಬರು ಒಪ್ಪಿಸಲು ಆಗುವುದಿಲ್ಲ, ಗೌರವ ಮಾತ್ರ ಬೆಳೆಯುತ್ತದೆ. ಎಷ್ಟು ಚೆಂದ ಅಂದುಕೊಳ್ಳುವಷ್ಟರಲ್ಲಿ ಅಚೆಬೆ ತಣ್ಣಗೆ ಹೇಳುತ್ತಾನೆ: ಈ ಮಾತುಕತೆಯಿಂದ ಬ್ರೌನ್‌ಗೆ ಒಂದು ವಿಷಯ ಖಚಿತವಾಯಿತು, ಇವರ ಧರ್ಮದ ಮೇಲೆ ನೇರವಾಗಿ ದಾಳಿ ಮಾಡಿದರೆ ನಡೆಯುವುದಿಲ್ಲ. ಹಾಗಾಗಿ ಅವನು ಒಂದು ಶಾಲೆ, ಒಂದು ಸಣ್ಣ ಆಸ್ಪತ್ರೆ ಕಟ್ಟಿದ. ನಾವು ಮಂಗಳೂರು ಸಮಾಚಾರವನ್ನೂ ಕಿಟೆಲ್ ಕೋಶವನ್ನೂ ಕೊಟ್ಟ ಪಾದ್ರಿಗಳಿಗೆ ಋಣಿಗಳು, ನಾನಂತೂ ಆ ಕೋಶ ಇಲ್ಲದೆ ಬರೆಯಲಾರೆ. ಆದರೂ ಅಚೆಬೆಯ ಆ ಸಾಲು ಓದಿದ ಮೇಲೆ ಸ್ವಲ್ಪ ಹೊತ್ತು ಏನೂ ತೋಚುವುದಿಲ್ಲ.

ಮಾವ್‌ಗೆ ವಾಪಸ್ ಬರೋಣ. ಕೆರೆಯಲ್ಲಿ ಜಾತ್ರೆಯ ರಾತ್ರಿ ದೋಣಿಗಳು ಡಿಕ್ಕಿ ಹೊಡೆದು ಎಲ್ಲರೂ ನೀರಿಗೆ ಬಿದ್ದು, ಎದ್ದು, ಮುನಿಸು ಕರಗುತ್ತದೆ. ಇಬ್ಬರೂ ಕೊನೆಯ ಸಲ ಕುದುರೆ ಹತ್ತಿ ಹೊರಡುತ್ತಾರೆ. ರಾಜಕೀಯದ ಜಗಳ ಹತ್ತಿಕೊಳ್ಳುತ್ತದೆ. ಫೀಲ್ಡಿಂಗ್ ಈಗ ಎರಡು ವರ್ಷದ ಹಿಂದಿನವನಲ್ಲ. ಇಂಗ್ಲಿಷರು ಹೋದರೆ ಯಾರು ಬರಬೇಕು, ಜಪಾನಿನವರಾ ಅಂತ ಅಣಕಿಸುತ್ತಾನೆ. ಇಂಡಿಯಾ ಒಂದು ದೇಶವಂತೆ ಅಂತ ನಗುತ್ತಾನೆ. ತನ್ನ ದೇಶದವಳನ್ನೇ ಮದುವೆಯಾಗಿ ಆಂಗ್ಲೋ ಇಂಡಿಯಾದ, ಅಂದರೆ ಇಲ್ಲಿ ಆಳುತ್ತಿದ್ದ ಇಂಗ್ಲಿಷರ ಜೊತೆ ಸೇರಿಹೋಗಿದ್ದಾನೆ, ಇವತ್ತು ಯಾರೋ ಒಬ್ಬ ಇಂಡಿಯನ್‌ಗಾಗಿ ತನ್ನ ಜನರನ್ನೆಲ್ಲ ಎದುರು ಹಾಕಿಕೊಳ್ಳುತ್ತಿದ್ದನಾ ಅಂತ ಅವನೇ ಯೋಚಿಸುತ್ತಾನೆ. ಹಮೀದುಲ್ಲಾನ ಮನೆಯಲ್ಲಿ ಹುಕ್ಕಾ ಸೇದುತ್ತಾ ಹಾಕಿದ ಲೆಕ್ಕ ಸರಿಯಾಗೇ ಇತ್ತು. ಅಜೀಜ್ ಕೂಗುತ್ತಾನೆ: ನಿಮ್ಮನ್ನೆಲ್ಲ ಸಮುದ್ರಕ್ಕೆ ಅಟ್ಟುತ್ತೇವೆ, ಆಮೇಲೆ ನೀನೂ ನಾನೂ ಗೆಳೆಯರು. ಈಗಲೇ ಯಾಕಾಗಬಾರದು, ಇಬ್ಬರಿಗೂ ಅದೇ ಬೇಕಲ್ಲ ಅನ್ನುತ್ತಾನೆ ಫೀಲ್ಡಿಂಗ್. ಕುದುರೆಗಳಿಗೆ ಬೇಡ, ಬೇರೆ ಬೇರೆ ಕಡೆ ಸರಿಯುತ್ತವೆ. ನೆಲಕ್ಕೂ ಬೇಡ, ಒಬ್ಬೊಬ್ಬರೇ ಹೋಗುವಷ್ಟು ಕಿರಿದಾಗಿ ಬಂಡೆಗಳನ್ನು ಒಡ್ಡುತ್ತದೆ. ಗುಡಿ, ಕೆರೆ, ಜೈಲು, ಅರಮನೆ, ಹಕ್ಕಿ, ಹೆಣ, ಗೆಸ್ಟ್ ಹೌಸ್, ಯಾವುದಕ್ಕೂ ಬೇಡ. ಈಗಲೇ ಬೇಡ ಅನ್ನುತ್ತವೆ ಅವು. ಅಲ್ಲಿ ಬೇಡ ಅನ್ನುತ್ತದೆ ಆಕಾಶ.

ವಿಮರ್ಶಕರು ಈ ಆಕಾಶ, ಭೂಮಿಯ ಬಗ್ಗೆ ತುಂಬಾ ಬರೆದಿದ್ದಾರೆ. ಮನುಷ್ಯರು ಮಾಡಿದ್ದನ್ನು ಫಾರ್ಸ್ಟರ್ ಪ್ರಕೃತಿಯ ತಲೆಗೆ ಕಟ್ಟಿ ನುಣುಚಿಕೊಂಡ ಅನ್ನುವ ದೂರೂ ಇದೆ. ನಾನೂ ಹಾಗೇ ವಾದಿಸುತ್ತಿದ್ದೆ. ಆದರೆ ಆ ಪಟ್ಟಿಯಲ್ಲಿ ಜೈಲೂ ಇದೆ, ಗೆಸ್ಟ್ ಹೌಸೂ ಇದೆ. ಒಬ್ಬ ಜೈಲು ಕಂಡವನು, ಇನ್ನೊಬ್ಬ ಗೆಸ್ಟ್ ಹೌಸಿನಿಂದ ಎದ್ದು ಬಂದವನು. ಆ ಎರಡೂ ತಾನಾಗಿ ನೆಲದಿಂದ ಮೊಳೆತದ್ದಲ್ಲ. ಫಾರ್ಸ್ಟರ್ ನುಣುಚಿಕೊಂಡಿದ್ದಾನೆ ಅಂತ ಈಗ ನನಗೆ ಅನ್ನಿಸುವುದಿಲ್ಲ.

ನುಣುಚಿಕೊಂಡಿದ್ದು ಸಿನಿಮಾ. ಡೇವಿಡ್ ಲೀನ್ 1984ರಲ್ಲಿ ಮಾಡಿದ ಚಿತ್ರದಲ್ಲಿ ನಮ್ಮ ಬೆಂಗಳೂರೇ ಚಂದ್ರಾಪುರ. ಮರಾಬಾರ್ ಬೆಟ್ಟ ನಮ್ಮ ಸಾವನದುರ್ಗ ಮತ್ತು ರಾಮನಗರದ ಕಡೆಯದು. ಫಾರ್ಸ್ಟರ್ ಮನಸ್ಸಿನಲ್ಲಿದ್ದದ್ದು ಬಿಹಾರದ ಬರಾಬರ್ ಗುಹೆಗಳು, ಅಶೋಕನ ಕಾಲದವು. ಆದರೂ ಆ ಹೆಬ್ಬಂಡೆಗಳ ಕೆಳಗೆ ಆನೆ ಮೇಲೆ ಕೂತ ಸಣ್ಣ ಸಣ್ಣ ಮನುಷ್ಯರನ್ನು ನೋಡಿದರೆ ಮೈ ಜುಂ ಅನ್ನುತ್ತದೆ, ಅದಕ್ಕಾದರೂ ನೋಡಬೇಕು. ವಿಕ್ಟರ್ ಬ್ಯಾನರ್ಜಿ ಅಜೀಜ್ ಆಗಿ ಚೆನ್ನಾಗಿದ್ದಾನೆ. ಫೀಲ್ಡಿಂಗನ ಕಾಲೇಜಿನ ಬ್ರಾಹ್ಮಣ ಪ್ರೊಫೆಸರ್ ಗೋಡ್ಬೋಲೆ ಆಗಿ ಇಂಗ್ಲಿಷ್ ನಟ ಅಲೆಕ್ ಗಿನ್ನೆಸ್‌ನನ್ನು ಮಾತ್ರ ನೋಡಲಾಗುವುದಿಲ್ಲ. ಕೊನೆಗೆ ಲೀನ್ ಎಲ್ಲರನ್ನೂ ಕಾಶ್ಮೀರಕ್ಕೆ ಕರೆದುಕೊಂಡು ಹೋಗುತ್ತಾನೆ. ಹಿಮದ ಬೆಟ್ಟ, ಒಳ್ಳೆಯ ಸಂಗೀತ, ಗೆಳೆಯರ ರಾಜಿ, ಅಜೀಜ್‌ನಿಂದ ಅಡೆಲಾಗೆ ಒಂದು ಕಾಗದ. ಸ್ವಾತಂತ್ರ್ಯ ಬಂದು ಮೂವತ್ತೇಳು ವರ್ಷವಾದ ಮೇಲೂ ಮನಸ್ಸು ದೊಡ್ಡದು ಮಾಡುವ ಕೆಲಸ ಅಜೀಜ್‌ಗೇ ಬಿತ್ತು. ನೋಡುವವರು ಕಾಶ್ಮೀರ ಬಂದ ಕೂಡಲೇ ನಿಲ್ಲಿಸಿ, ಪುಸ್ತಕದ ಕೊನೆಯ ಅಧ್ಯಾಯ ಓದಿಕೊಳ್ಳಿ. ಹತ್ತು ಹನ್ನೆರಡು ಪುಟವೂ ಆಗುವುದಿಲ್ಲ.